ಕ್ಯಾಸ್ಕೇಡ್ ಬೆಟ್ಟಗಳ ಹಿಮಕ್ಕೆ ಎಂಥ ಟೆಲಿಮಾರ್ಕ್ ಸ್ಕೀ? ಸಿಯಾಟಲ್ ಕಡೆಗೆ ಬಂದ ಹೊಸಬರಿಗೆ

ಬೆಲ್ವ್ಯೂ, ರೆಡ್ಮಂಡ್, ಬಾಥೆಲ್ ಸುತ್ತಮುತ್ತ ಕೆಲಸಕ್ಕೆ ಬಂದು ನೆಲೆಸುವ ಕನ್ನಡಿಗರಲ್ಲಿ ಹಲವರು ಮೊದಲ ಒಂದೆರಡು ಚಳಿಗಾಲದಲ್ಲೇ ಸ್ಕೀ ಕಲಿಯುತ್ತಾರೆ. ಅವರಲ್ಲಿ ಯಾರೋ ಒಬ್ಬರ ಕಣ್ಣಿಗೆ ಒಂದು ದಿನ ಬೇರೆಯೇ ಬಗೆಯ ಸ್ಕೀಯರ್ ಬೀಳುತ್ತಾರೆ: ಒಂದು ಕಾಲು ಮುಂದಿಟ್ಟು, ಇನ್ನೊಂದರ ಮಂಡಿಯನ್ನು ಸ್ಕೀಯ ಹತ್ತಿರಕ್ಕೆ ಇಳಿಸಿ, ಹಿಂದಿನ ಹಿಮ್ಮಡಿಯನ್ನು ಎತ್ತಿಕೊಂಡೇ ತಿರುಗುತ್ತಾ ಇಳಿಯುವವರು. ಅದೇ ಟೆಲಿಮಾರ್ಕ್. ನೋಡಿ ಮನಸೋತವರು ಮರುವಾರವೇ ಕೇಳುವ ಪ್ರಶ್ನೆ, ಯಾವ ಸ್ಕೀ ಕೊಳ್ಳಬೇಕು ಎಂಬುದು. ಅಂಥವರಿಗಾಗಿ ಈ ಬರಹ. ಲಿಫ್ಟ್ ಇರುವ ಇಳಿಜಾರುಗಳಲ್ಲಿ ಹಿಮ್ಮಡಿ ಬಿಗಿದ ಸಾಮಾನ್ಯ ಸ್ಕೀಯಲ್ಲಿ ನಡುಮಟ್ಟದ ದಾರಿಗಳನ್ನು ಸಲೀಸಾಗಿ ಇಳಿಯಬಲ್ಲಿರಿ ಎಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ಇಲ್ಲಿನ ಹಿಮದ ಸ್ವಭಾವ ತಿಳಿದಿರಬೇಕು. ಪೆಸಿಫಿಕ್ ಸಾಗರದಿಂದ ಬರುವ ತೇವ ತುಂಬಿದ ಮೋಡಗಳು ಕ್ಯಾಸ್ಕೇಡ್ ಸಾಲಿಗೆ ಬಡಿದು ಹಿಮ ಸುರಿಸುತ್ತವೆ. ಸುರಿಯುವ ಪ್ರಮಾಣ ದೊಡ್ಡದು. ಮೌಂಟ್ ಬೇಕರ್ ಸ್ಕೀ ತಾಣದಲ್ಲಿ 1998-99ರ ಒಂದೇ ಋತುವಿನಲ್ಲಿ 1,140 ಅಂಗುಲ ಹಿಮ ಬಿದ್ದದ್ದು ವಿಶ್ವದಾಖಲೆ. ಆದರೆ ಸ್ನೋಕ್ವಾಲ್ಮಿ ಪಾಸ್ ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ, ಸ್ಟೀವನ್ಸ್ ಪಾಸ್ 4,000 ಅಡಿಯ ಆಸುಪಾಸಿನಲ್ಲಿ. ಇಷ್ಟು ಕಡಿಮೆ ಎತ್ತರದಲ್ಲಿ ಉಷ್ಣಾಂಶ ಸೊನ್ನೆಯ ಆಚೀಚೆ ಹೊಯ್ದಾಡುತ್ತಲೇ ಇರುತ್ತದೆ. ರಾತ್ರಿ ಹಗುರವಾದ ಹಿಮ ಬೀಳುತ್ತದೆ, ಮಧ್ಯಾಹ್ನ ಅದೇ ಒದ್ದೆಯಾಗಿ ಸಿಮೆಂಟಿನಷ್ಟು ಭಾರವಾಗುತ್ತದೆ. ಇಲ್ಲಿನವರು ಅದನ್ನು ಕ್ಯಾಸ್ಕೇಡ್ ಕಾಂಕ್ರೀಟ್ ಎಂದೇ ಕರೆಯುತ್ತಾರೆ. ಜನವರಿಯಲ್ಲಿ ಹವಾಯಿ ಕಡೆಯ ಬೆಚ್ಚನೆಯ ಗಾಳಿ ಬಂದರೆ ಶಿಖರದವರೆಗೂ ಮಳೆ. ಮಳೆ ನಿಂತು ಚಳಿ ಹಿಡಿದರೆ ಮೇಲೊಂದು ಗಟ್ಟಿ ಪದರ, ಕೆಳಗೆ ಮೆತ್ತನೆಯ ಹಿಮ, ಹೆಜ್ಜೆಯಿಟ್ಟರೆ ಒಡೆಯುತ್ತದೆ. ಸಾಲಿನ ಪೂರ್ವ ಮಗ್ಗುಲಿಗೆ, ವೆನಾಚಿ ಬಳಿಯ ಮಿಷನ್ ರಿಡ್ಜ್ ಕಡೆಗೆ ಹೋದರೆ ಚಳಿಯೂ ಹೆಚ್ಚು, ಹಿಮವೂ ಒಣ. ಯುಗಾದಿಯ ಹೊತ್ತಿಗೆ ರಾತ್ರಿ ಹೆಪ್ಪುಗಟ್ಟಿ ಬೆಳಗಿನ ಬಿಸಿಲಿಗೆ ಸಡಿಲವಾಗುವ ಹರಳು ಹರಳಾದ ಹಿಮ ಸಿಗುತ್ತದೆ. ಟೆಲಿಮಾರ್ಕ್ ಮಾಡುವವರಿಗೆ ಅದಕ್ಕಿಂತ ಸುಖವಾದ ಹಿಮವಿಲ್ಲ.

ಇಷ್ಟೆಲ್ಲ ಬಗೆ ಒಂದೇ ವಾರದಲ್ಲಿ, ಕೆಲವೊಮ್ಮೆ ಒಂದೇ ಇಳಿತದಲ್ಲಿ ಎದುರಾಗುತ್ತದೆ. ಅದಕ್ಕೇ ಯಾರೇ ಕೇಳಲಿ, ಕೆಟ್ಟ ಹಿಮವನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಕೀ ಆರಿಸಿ ಎನ್ನುತ್ತೇನೆ. ಮೊಣಕಾಲುದ್ದದ ಹಗುರ ಹಿಮದಲ್ಲಿ ಯಾವ ಸ್ಕೀಯಾದರೂ ಖುಷಿ ಕೊಡುತ್ತದೆ. ಮಳೆ ಬಿದ್ದ ಮರುದಿನ ನಿಮ್ಮನ್ನು ಕ್ಷೇಮವಾಗಿ ಕೆಳಗಿಳಿಸುವ ಸ್ಕೀಗಳು ಮಾತ್ರ ಕೆಲವೇ.

ಅಂಗಡಿಯಲ್ಲಿ ಮೊದಲು ಕೇಳಿಬರುವ ಸಂಖ್ಯೆ ಪಾದದ ಕೆಳಗಿನ ಅಗಲ. ಇಲ್ಲಿಗೆ ಒಂದೇ ಜೋಡಿ ಇಟ್ಟುಕೊಳ್ಳುವವರಿಗೆ 92ರಿಂದ 102 ಮಿ.ಮೀ. ಸಾಕು; ನನ್ನನ್ನು ಕೇಳಿದರೆ 95ರ ಸುತ್ತಮುತ್ತ. 110 ಮಿ.ಮೀ. ಸ್ಕೀ ಹೊಸ ಹಿಮದಲ್ಲಿ ತೇಲುತ್ತದೆ, ನಿಜ. ಆದರೆ ಟೆಲಿಮಾರ್ಕ್‌ನಲ್ಲಿ ಹಿಂದಿನ ಕಾಲಿನ ಹಿಮ್ಮಡಿ ಮೇಲೆದ್ದಿರುತ್ತದೆ, ಆ ಸ್ಕೀಯ ಮೇಲೆ ಒತ್ತುವುದು ಪಾದದ ಮುಂಭಾಗ ಮಾತ್ರ. ಅಷ್ಟರಲ್ಲೇ ಅಗಲವಾದ ಸ್ಕೀಯನ್ನು ಗಟ್ಟಿ ಹಿಮದ ಮೇಲೆ ಅಂಚಿನ ಮೇಲೆ ನಿಲ್ಲಿಸಬೇಕೆಂದರೆ ಕಣಕಾಲಿಗೆ ವಿಪರೀತ ಶ್ರಮ. ಹಿಮ್ಮಡಿ ಬಿಗಿದ ಸ್ಕೀಯರ್ ಸಲೀಸಾಗಿ ಆಡಿಸುವ ಅಗಲ ನಮಗೆ ಭಾರವಾಗುವುದು ಇದಕ್ಕೇ. 80ರ ಸಮೀಪದ್ದು ವಸಂತದ ಉದ್ದನೆಯ ನಡಿಗೆಗೆ ಚೆಂದ, ಕಾಂಕ್ರೀಟಿನಲ್ಲಿ ಮುಳುಗುತ್ತದೆ.

ಅಗಲಕ್ಕಿಂತ ಮುಖ್ಯವಾದದ್ದು, ಜಾಹೀರಾತಿನಲ್ಲಿ ಕಾಣದ್ದು, ಸ್ಕೀ ಬಾಗುವ ರೀತಿ. ಇಲ್ಲೂ ಆ ಹಿಂದಿನ ಕಾಲನ್ನೇ ನೆನೆಯಬೇಕು. ಸ್ಕೀ ತೀರಾ ಬಿರುಸಾಗಿದ್ದರೆ ಮುಂದಿನದು ಬಾಗುತ್ತದೆ, ಹಿಂದಿನದು ಕಡ್ಡಿಯಾಗಿಯೇ ಉಳಿಯುತ್ತದೆ; ಎರಡೂ ಎರಡು ದಾರಿ ಹಿಡಿದು ನೀವು ನಡುವೆ ಸಿಕ್ಕಿಕೊಳ್ಳುತ್ತೀರಿ. ತೀರಾ ಮೆದುವಾಗಿದ್ದರೆ, ಇತರರ ಜಾಡು ಬಿದ್ದು ಗಟ್ಟಿಯಾದ ಹಿಮದಲ್ಲಿ ತುದಿಗಳು ಬಡಿದಾಡುತ್ತವೆ. ಅಂಗಡಿಯಲ್ಲೇ ಪರೀಕ್ಷಿಸಬಹುದು. ಸ್ಕೀಯ ಬಾಲವನ್ನು ನೆಲಕ್ಕೂರಿ, ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ನಡುವನ್ನು ಒತ್ತಿ ನೋಡಿ. ತುದಿಯಿಂದ ಬಾಲದವರೆಗೆ ಎಲ್ಲೂ ಮುರಿದಂತೆ ಕಾಣದ ಒಂದೇ ದುಂಡನೆಯ ಬಾಗು ಬರಬೇಕು. ತುದಿ ಸ್ವಲ್ಪ ಮೆದು, ಬಾಲ ತುಸು ಗಟ್ಟಿ. ಆಮೇಲೆ ತುದಿಯನ್ನು ತಿರುಚಿ ನೋಡಿ, ಸುಲಭವಾಗಿ ತಿರುಚಬಾರದು. ಬಾಗಲು ಒಪ್ಪುವ, ತಿರುಚಲು ಒಪ್ಪದ ಸ್ಕೀ ಗಟ್ಟಿ ಹಿಮದಲ್ಲೂ ಅಂಚು ಬಿಡುವುದಿಲ್ಲ. ಐವತ್ತೈದು ಕಿಲೋ ತೂಗುವವರಿಗೂ ಎಂಬತ್ತೈದು ಕಿಲೋ ತೂಗುವವರಿಗೂ ಒಂದೇ ಬಿರುಸು ಹೊಂದುವುದಿಲ್ಲ, ಆದ್ದರಿಂದ ಗೆಳೆಯರ ಸ್ಕೀ ಅವರಿಗೆ ಚೆನ್ನಾಗಿದೆ ಎಂದಮಾತ್ರಕ್ಕೆ ಕೊಳ್ಳಬೇಡಿ.

ಸ್ಕೀಯನ್ನು ಸಮನೆಲದ ಮೇಲಿಟ್ಟಾಗ ನಡುಭಾಗ ಕಮಾನಿನಂತೆ ಮೇಲೆದ್ದಿರುವುದು ಕ್ಯಾಂಬರ್. ತುದಿ ನೆಲಬಿಟ್ಟು ಬೇಗನೆ ಏಳುವುದು ರಾಕರ್. ನಮಗೆ ಎರಡೂ ಬೇಕು. ತುದಿಯಲ್ಲಿ ಧಾರಾಳವಾಗಿ ರಾಕರ್ ಇದ್ದರೆ ಒಡೆಯುವ ಪದರದ ಕೆಳಗೆ ತುದಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಪಾದದ ಕೆಳಗೆ ಕ್ಯಾಂಬರ್ ಇದ್ದರೆ ಗಟ್ಟಿ ಹಿಮದಲ್ಲಿ ಹಿಡಿತ, ಹತ್ತುವಾಗಲೂ ಹಿಡಿತ. ಬಾಲ ಬಹುಪಾಲು ಚಪ್ಪಟೆಯಾಗಿಯೇ ಇರಲಿ. ಪೂರ್ತಿ ಬಾಳೆಹಣ್ಣಿನ ಆಕಾರದವು ಇಲ್ಲಿನ ಗಟ್ಟಿ ಬೆಳಗುಗಳಿಗೆ ಅಲ್ಲ. ಪಕ್ಕದ ಅಂಚಿನ ಒಳಬಾಗು ವಿಪರೀತವಾಗಿದ್ದು, ತಿರುವಿನ ತ್ರಿಜ್ಯ 15 ಮೀಟರಿಗಿಂತ ಕಡಿಮೆಯಿದ್ದರೆ ಭಾರವಾದ ಹಿಮದಲ್ಲಿ ಹಿಂದಿನ ಸ್ಕೀ ತಾನಾಗಿ ಒಳಕ್ಕೆ ಎಳೆಯುತ್ತದೆ. 18ರಿಂದ 21 ಮೀಟರ್ ಒಳ್ಳೆಯದು.

ಉದ್ದದ ವಿಷಯದಲ್ಲಿ ಹಳಬರು ಕೈಯೆತ್ತಿ ಅಳೆಯಲು ಹೇಳಿದರೆ ಕೇಳಬೇಡಿ, ಅದು ಹಳೆಯ ಸಪೂರ ಸ್ಕೀಗಳ ಲೆಕ್ಕ. ಈಗಿನವು ಮೂಗಿನಿಂದ ಹಣೆಯವರೆಗೆ ಬಂದರೆ ಸರಿ. ತೂಕ ಒಂದೊಂದು ಸ್ಕೀಗೆ ಒಂದೂವರೆ ಕಿಲೋ ಆಸುಪಾಸು ಇರಲಿ. ಒಂದು ಕಿಲೋಗಿಂತ ಸ್ವಲ್ಪವೇ ಹೆಚ್ಚಿರುವ ಸ್ಪರ್ಧೆಯ ಸ್ಕೀಗಳು ಹತ್ತುವಾಗ ಹಿತ, ಇಳಿಯುವಾಗ ಪ್ರತಿ ಹಿಮದ ಉಂಡೆಗೂ ಹೆದರಿ ಪಕ್ಕಕ್ಕೆ ಹಾರುತ್ತವೆ.

ಟೆಲಿಮಾರ್ಕ್‌ಗೆಂದೇ ಮಾಡಿದ ಸ್ಕೀಗಳು ಒಂದು ಕಾಲದಲ್ಲಿ ಇಲ್ಲಿನ ಕಂಪನಿಯಿಂದಲೇ ಬರುತ್ತಿದ್ದವು. 1960ರ ದಶಕದಲ್ಲಿ ವಾಷಾನ್ ದ್ವೀಪದಲ್ಲಿ ಶುರುವಾದ ಕೆ2 ಕಂಪನಿಯ ವರ್ಲ್ಡ್ ಪಿಸ್ಟ್ ಈ ಬೆಟ್ಟಗಳಲ್ಲಿ ಮನೆಮಾತಾಗಿತ್ತು. ಈಗ ಅಂಥವು ಬಹಳ ಕಡಿಮೆ, ಅದಕ್ಕಾಗಿ ಹುಡುಕಾಡಬೇಕಾಗಿಯೂ ಇಲ್ಲ. ಬೆಟ್ಟ ಹತ್ತಿ ಇಳಿಯುವವರಿಗೆಂದು ಮಾಡಿದ ನಡುಬಿರುಸಿನ ಯಾವುದೇ ಸ್ಕೀ ಆಗುತ್ತದೆ. ಯೂಟಾದ ವಾಲೇ ಕಂಪನಿಯವರು ಟೆಲಿಮಾರ್ಕ್ ಜನರನ್ನು ಇನ್ನೂ ಮರೆತಿಲ್ಲ, ಅವರ ವೆಕ್ಟರ್ ಅನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಳಗಿನ ತಿರುಳು ಮರದ್ದೇ ಆಗಿರಲಿ, ಕಾರಣ ಮುಂದೆ ಹೇಳುತ್ತೇನೆ.

ಆದರೆ ಸ್ಕೀಗಿಂತ ಮೊದಲು ಬೂಟು ಕೊಳ್ಳಿ. ದುಡ್ಡು ಸೀಮಿತವಾಗಿದ್ದರೆ ಹೊಸ ಬೂಟು, ಹಳೆಯ ಸ್ಕೀ. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ. ಬೂಟಿನಲ್ಲಿ ಎರಡು ಪದ್ಧತಿಗಳಿವೆ. ಮುಂದೆ ಬಾತುಕೋಳಿಯ ಕೊಕ್ಕಿನಂಥ ಚಾಚು ಇರುವ 75 ಮಿ.ಮೀ. ಪದ್ಧತಿ ಹಳೆಯದು, ನಾರ್ವೆಯ ರೋಟೆಫೆಲ್ಲಾ 1927ರಲ್ಲಿ ತಂದ ಬೈಂಡಿಂಗ್‌ನ, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕಟ್ಟಿನ, ವಂಶ. ಎನ್‌ಟಿಎನ್ ಎಂಬ ಹೊಸ ಪದ್ಧತಿಯನ್ನೂ ಅದೇ ಕಂಪನಿ 2007ರಲ್ಲಿ ತಂದಿತು; ಅದರಲ್ಲಿ ಕೊಕ್ಕಿಲ್ಲ, ಬೈಂಡಿಂಗ್ ಬೂಟನ್ನು ಪಾದದ ನಡುವಿನ ಕೆಳಗೆ ಹಿಡಿಯುತ್ತದೆ. ಹೊಸದಾಗಿ ಶುರುಮಾಡುವವರು ಎನ್‌ಟಿಎನ್‌ಗೇ ಹೋಗಿ. ಪಕ್ಕದ ಹಿಡಿತ ಹೆಚ್ಚು, ಮುಂದಿನ ವರ್ಷಗಳಲ್ಲಿ ಬೂಟು ಸಿಗುವ ಭರವಸೆಯೂ ಹೆಚ್ಚು. ಇದೇ ಕಲೆಯನ್ನು ನಾರ್ವೆಯ ಮೊರ್ಗೆಡಾಲ್‌ನ ಸೋಂದ್ರೆ ನೊರ್ಹೈಮ್ ಮೆದುವಾದ ಬೂಟು, ಹೆಣೆದ ಬಳ್ಳಿಯ ಕಟ್ಟುಗಳಲ್ಲಿ ಆಡಿ ತೋರಿಸಿದ್ದರು. 1868ರಲ್ಲಿ ಈಗಿನ ಆಸ್ಲೋ ನಗರದ ಜನ ಅದನ್ನು ಕಂಡು ಬೆರಗಾದರು. 1884ರಲ್ಲಿ ಅವರೂ ನಮ್ಮ ಹಾಗೆಯೇ ಊರು ಬಿಟ್ಟು ಅಮೆರಿಕಕ್ಕೆ ವಲಸೆ ಬಂದವರು. ನಾರ್ತ್ ಡಕೋಟಾದ ಬಯಲಿನಲ್ಲಿ ಮಣ್ಣಾದರು. ಅವರ ಬಗ್ಗೆ ಓದಿದಾಗಲೆಲ್ಲ ನನಗೆ ಹೃದಯ ತುಂಬಿ ಬರುತ್ತದೆ.

ಬೈಂಡಿಂಗ್ ಆರಿಸುವಾಗ ಹತ್ತುವುದಕ್ಕೆಂದು ಮುಂಗಾಲಿನ ಬಳಿ ಸಲೀಸಾಗಿ ತಿರುಗುವ ವ್ಯವಸ್ಥೆ ಇರುವುದನ್ನೇ ತೆಗೆದುಕೊಳ್ಳಿ. ಐಡಾಹೊದ ಡ್ರಿಗ್ಸ್‌ನಲ್ಲಿರುವ 22 ಡಿಸೈನ್ಸ್‌ನವರ ಔಟ್‌ಲಾ, ಲಿಂಕ್ಸ್ ಇಲ್ಲಿ ಬಹಳ ಜನರ ಕಾಲಲ್ಲಿವೆ. ಬಿಡಿಭಾಗಗಳು ಅಮೆರಿಕದಲ್ಲೇ ಸಿಗುವುದು ಸಣ್ಣ ಅನುಕೂಲವಲ್ಲ. ಬೂಟು, ಬೈಂಡಿಂಗ್, ಸ್ಕೀ ಎಲ್ಲವೂ ಹೊಸದಾದರೆ ಎರಡು ಸಾವಿರ ಡಾಲರಿನ ಸುತ್ತಮುತ್ತ ಬರುತ್ತದೆ ಎಂದು ಮೊದಲೇ ಮನೆಯಲ್ಲಿ ಹೇಳಿಟ್ಟಿರಿ.

ಈಗ ಬೈಂಡಿಂಗ್ ಕೂರಿಸುವ ಮಾತು. ಟೆಲಿಮಾರ್ಕ್ ಬೈಂಡಿಂಗ್ ಪ್ರತಿ ತಿರುವಿನಲ್ಲೂ ತಿರುಪುಗಳನ್ನು ಮೇಲಕ್ಕೆ ಎಳೆಯುತ್ತದೆ. ಹಿಮ್ಮಡಿ ಬಿಗಿದ ಬೈಂಡಿಂಗ್‌ಗಿಂತ ಈ ಎಳೆತ ಬಹಳ ಹೆಚ್ಚು. ತಿರುಳು ಫೋಮ್ ಆಗಿದ್ದರೆ ತಿರುಪುಗಳು ಒಂದು ದಿನ ಕಿತ್ತು ಬರುತ್ತವೆ, ಅದೂ ಕಾರಿನಿಂದ ಮೈಲಿಗಟ್ಟಲೆ ದೂರದಲ್ಲಿ. ಮರದ ತಿರುಳು, ಅದರ ಮೇಲೆ ಬೈಂಡಿಂಗ್‌ಗೆಂದೇ ಗಟ್ಟಿ ತಟ್ಟೆ ಇರುವ ಸ್ಕೀ ಆದರೆ ನೆಮ್ಮದಿ. ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಟೆಲಿಮಾರ್ಕ್ ಬೈಂಡಿಂಗ್ ಈ ಮೊದಲು ಕೂರಿಸಿದ್ದೀರಾ, ತೂತಿನ ಅಳತೆಯನ್ನು ಸ್ಕೀಯ ಮೇಲೆ ಬರೆದಿರುವುದನ್ನು ನೋಡಿಯೇ ಕೊರೆಯುತ್ತೀರಾ. ಲೋಹದ ಪದರವಿರುವ ಸ್ಕೀಗೆ 4.1 ಮಿ.ಮೀ. ತೂತು, ಇಲ್ಲದ್ದಕ್ಕೆ ಸಾಮಾನ್ಯವಾಗಿ 3.5. ಅಂಟು ಹಾಕಿಯೇ ತಿರುಪು ಬಿಗಿಯಬೇಕು. ಬೈಂಡಿಂಗ್ ಎಲ್ಲಿ ಕೂರಬೇಕೆಂಬುದಕ್ಕೆ ಸರಳ ನಿಯಮವಿದೆ: ಬೂಟಿನ ಅಟ್ಟೆಯ ನಡುಗೆರೆ ಸ್ಕೀಯ ಮೇಲಿನ ನಡುಗುರುತಿಗೆ ಸರಿಯಾಗಿ. ಆಳವಾದ ಹಿಮ ಬಯಸುವವರು ಒಂದು ಸೆಂಟಿಮೀಟರ್ ಹಿಂದಕ್ಕೆ ಹೋಗಬಹುದು. ಹಿಂದಿನ ಕಾಲಿಗೆ ಭಾರ ಹಾಕಲು ಇನ್ನೂ ಕಲಿಯುತ್ತಿರುವವರು ಗುರುತಿನ ಮೇಲೆಯೇ ಇರಲಿ.

ಅಕ್ಟೋಬರ್, ನವೆಂಬರ್‌ನಲ್ಲಿ, ಹೆಚ್ಚುಕಡಿಮೆ ದೀಪಾವಳಿಯ ಹೊತ್ತಿಗೆ, ಇಲ್ಲಿ ಹಳೆಯ ಸ್ಕೀ ಸಾಮಾನಿನ ಸಂತೆಗಳು ನಡೆಯುತ್ತವೆ. ಬೆಳಿಗ್ಗೆಯೇ ಹೋಗಿ. ಸ್ಕೀಯ ಮೇಲೆ ಹಳೆಯ ತೂತುಗಳೆಷ್ಟು ಎಂದು ಎಣಿಸಿ. ನಿಮ್ಮ ಹೊಸ ತೂತು ಹಳೆಯದರಿಂದ ಒಂದು ಸೆಂಟಿಮೀಟರಾದರೂ ದೂರ ಇರಬೇಕು. ಅಂಚಿನ ಬಳಿ ಪದರ ಬಿಟ್ಟಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಮೇಲ್ಮೈಯ ಗೀರುಗಳು, ತೆಳುವಾದ ತುಕ್ಕು ಇವಕ್ಕೆ ಚಿಂತೆ ಬೇಡ. ಹಳೆಯ ಪ್ಲಾಸ್ಟಿಕ್ ಬೂಟುಗಳ ಬಗ್ಗೆ ಮಾತ್ರ ಎಚ್ಚರ, ಬಳಸದೆ ಇಟ್ಟಿದ್ದರೂ ವರ್ಷ ಕಳೆದಂತೆ ಬಿರುಕು ಬಿಡುತ್ತವೆ.

ಹತ್ತಲು ಸ್ಕೀಯ ತಳಕ್ಕೆ ಅಂಟಿಸುವ ಸ್ಕಿನ್ ಪಟ್ಟಿಗಳನ್ನು ಸ್ಕೀಯ ಅಗಲಕ್ಕೆ ಕತ್ತರಿಸಿಕೊಳ್ಳಬೇಕು, ಲೋಹದ ಅಂಚು ಮಾತ್ರ ಹೊರಗೆ ಕಾಣುವಂತೆ. ಇಲ್ಲಿನ ಒದ್ದೆ ಹಿಮ ಅದಕ್ಕೆ ಮುದ್ದೆಯಾಗಿ ಹತ್ತಿಕೊಳ್ಳುವುದರಿಂದ ಸ್ಕಿನ್ ಮೇಣದ ತುಂಡೊಂದು ಜೇಬಿನಲ್ಲಿರಲಿ.

ಕೊನೆಗೆ, ಹಿರಿಯರ ಸ್ಥಾನದಲ್ಲಿ ನಿಂತು ಒತ್ತಿ ಹೇಳಬೇಕಾದ್ದು. ಬಹುಪಾಲು ಟೆಲಿಮಾರ್ಕ್ ಬೈಂಡಿಂಗ್‌ಗಳು ಬಿದ್ದಾಗ ಬೂಟನ್ನು ಬಿಡುವುದಿಲ್ಲ. ಮಂಡಿಗೆ ಅಪಾಯ ಎಂಬುದು ಒಂದು. ಹಿಮಕುಸಿತದಲ್ಲಿ (ಅವಲಾಂಚ್) ಸಿಕ್ಕಿದರೆ ಕಾಲಲ್ಲೇ ಉಳಿದ ಸ್ಕೀ ನಿಮ್ಮನ್ನು ಕೆಳಕ್ಕೆ ಎಳೆಯುತ್ತದೆ ಎಂಬುದು ಇನ್ನೂ ದೊಡ್ಡದು. ಬಿಡುವ ವ್ಯವಸ್ಥೆಯಿರುವ ಬೈಂಡಿಂಗ್‌ಗಳೂ ಇವೆ. ಫ್ರಾನ್ಸಿನ ಮೈಡೋ ಅಂಥದ್ದು. ಲಿಫ್ಟ್ ಇಲ್ಲದ ಕಡೆಗೆ ಹೋಗುವ ಯೋಚನೆ ಇದ್ದರೆ ಅದಕ್ಕೆ ಹೆಚ್ಚಿನ ದುಡ್ಡು ಕೊಡಿ. ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ ಬೀಕನ್, ಶೋಧಕೋಲು, ಸಲಿಕೆ ಈ ಮೂರೂ ನಿಮ್ಮ ಬಳಿಯೂ ಜೊತೆಯವರ ಬಳಿಯೂ ಇರಬೇಕು. ಮೂರು ದಿನದ ಹಿಮಕುಸಿತ ತರಬೇತಿ ಪಡೆಯದೆ ಸ್ಕೀ ತಾಣದ ಗಡಿ ದಾಟಬೇಡಿ. ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಚಳಿಗಾಲದಲ್ಲಿ ದಿನವೂ ಉಚಿತವಾಗಿ ಮುನ್ಸೂಚನೆ ಕೊಡುತ್ತದೆ. ಅದನ್ನು ಓದದೆ ಕಾರು ಹತ್ತಬೇಡಿ. ತಾಯಿ-ತಂದೆ ಅಲ್ಲಿ ಊರಲ್ಲಿ ಫೋನಿಗಾಗಿ ಕಾಯುತ್ತಿರುತ್ತಾರೆ.

ಬೆಲೆ ಇಳಿಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಕೊಂಡರೆ ಮುಂದಿನ ಚಳಿಗಾಲದವರೆಗೆ ಕಾಯಬೇಕೆಂದೇನಿಲ್ಲ. ಮೌಂಟ್ ರೇನಿಯರ್‌ನ ಪ್ಯಾರಡೈಸ್‌ನಿಂದ ಕ್ಯಾಂಪ್ ಮ್ಯೂರ್ ಕಡೆಗೆ ಏರುವ ಹಿಮಬಯಲಿನಲ್ಲಿ ಜುಲೈವರೆಗೂ ಹಿಮವಿರುತ್ತದೆ. ಇಳಿಜಾರು ಸೌಮ್ಯ, ಕಲಿಯಲು ಅಗಲವಾದ ಜಾಗ. ಮೋಡ ಕವಿದರೆ ಮಾತ್ರ ಅಲ್ಲಿ ದಿಕ್ಕು ತಪ್ಪುವುದು ಕ್ಷಣದ ಕೆಲಸ, ಆದ್ದರಿಂದ ಆಕಾಶ ತಿಳಿಯಾಗಿರುವ ದಿನವನ್ನೇ ನೋಡಿ, ದಾರಿ ಬಲ್ಲವರೊಬ್ಬರ ಜೊತೆ ಹೊರಡಿ. ಬೆಳಿಗ್ಗೆ ಆರಕ್ಕೇ ಹತ್ತಲು ಶುರುಮಾಡಿದರೆ ಹಿಮ ಸರಿಯಾಗಿ ಸಡಿಲವಾಗುವ ಹತ್ತು, ಹನ್ನೊಂದರ ಹೊತ್ತಿಗೆ ಇಳಿಯಬಹುದು. ಚಪಾತಿ ಸುರುಳಿಗೆ ಚಟ್ನಿಪುಡಿ ಹಚ್ಚಿ ಒಯ್ಯಿರಿ, ಎಷ್ಟೇ ಚಳಿಯಿದ್ದರೂ ಕೈಗವಸು ತೆಗೆಯದೆ ತಿನ್ನಬಹುದು.