ಲಡಿ ಕತ್ತರಿಸಿ ತೂಗುಹಾಕಿದೆ: ಕಸೂತಿ ದಾರದ ಜೋಡಣೆಯಲ್ಲಿ ನನ್ನ ಅನುಭವ

ಆರೆಳೆಯ ಕಸೂತಿ ದಾರದ ಲಡಿಯನ್ನು ತಂದ ದಿನವೇ ಪೂರ್ತಿಯಾಗಿ ಕತ್ತರಿಸಿಡಬೇಕು ಎಂದು ನಾನು ಹೇಳಿದಾಗ, ಜೊತೆಯಲ್ಲಿ ಕಸೂತಿ ಮಾಡುವವರಲ್ಲಿ ಯಾರೂ ಒಪ್ಪಲಿಲ್ಲ. ಕತ್ತರಿಸಿದರೆ ದಾರ ಪೋಲಾಗುತ್ತದೆ, ತೂಗುಹಾಕಿದರೆ ಸಿಕ್ಕಾಗುತ್ತದೆ, ಹೊರಗಿಟ್ಟರೆ ಧೂಳು ಹಿಡಿಯುತ್ತದೆ ಎಂಬ ಮೂರು ಆಕ್ಷೇಪಗಳು ಒಟ್ಟಿಗೇ ಬಂದವು. ಎರಡು ವರ್ಷಗಳಿಗೂ ಹೆಚ್ಚು ಕಾಲದಿಂದ ಸುಮಾರು ಇನ್ನೂರು ಬಣ್ಣಗಳನ್ನು ನಾನು ಇದೇ ಕ್ರಮದಲ್ಲಿ ಇಟ್ಟುಕೊಂಡು ಬಂದಿದ್ದೇನೆ. ಆಕ್ಷೇಪಿಸಿದವರಲ್ಲಿ ಕೆಲವರು ಈಗ ತಮ್ಮ ಮನೆಯಲ್ಲಿಯೂ ಹೀಗೆಯೇ ಮಾಡಿಕೊಂಡಿರುವುದರಿಂದ, ಮಾಡಿದ್ದು ಹೇಗೆ ಎಂಬುದನ್ನು ವಿವರವಾಗಿ ಬರೆಯುವ ಧೈರ್ಯ ಬಂದಿದೆ.

ಇದಕ್ಕೆ ಮೊದಲು ನಡೆಸಿದ ಪ್ರಯೋಗಗಳಿಗೆ ಹೋದ ಹಣವನ್ನು ದಾರಕ್ಕೇ ಹಾಕಿದ್ದರೆ ಅರವತ್ತು ಎಪ್ಪತ್ತು ಲಡಿಗಳಾದರೂ ಬರುತ್ತಿದ್ದವು. ಎಲ್ಲರೂ ಮಾಡುವಂತೆ ನಾನೂ ದಾರ ಸುತ್ತಿಡುವ ಚಪ್ಪಟೆ ಬಿಲ್ಲೆಗಳಾದ ಬಾಬಿನ್‌ಗಳಿಂದಲೇ ಆರಂಭಿಸಿದೆ. ಒಂದು ಲಡಿಯನ್ನು ಸಿಕ್ಕಾಗದಂತೆ ಬಿಡಿಸಿ ಬಾಬಿನ್‌ಗೆ ಸುತ್ತಲು ಐದಾರು ನಿಮಿಷ ಬೇಕು. ಆ ಶ್ರಮವನ್ನು ಸಹಿಸಬಹುದು, ಆದರೆ ಚಪ್ಪಟೆ ಬಾಬಿನ್‌ನ ಎರಡು ಅಂಚುಗಳಲ್ಲಿ ದಾರ ಪ್ರತಿ ಸುತ್ತಿನಲ್ಲಿಯೂ ಮಡಿಚಿ ಕೂರುತ್ತದೆ, ಮತ್ತು ನಾಲ್ಕೈದು ತಿಂಗಳು ಹಾಗೆಯೇ ಬಿಟ್ಟ ದಾರದಲ್ಲಿ ಮೂರು ನಾಲ್ಕು ಸೆಂಟಿಮೀಟರಿಗೊಂದು ಸುಕ್ಕು ನಿಂತುಬಿಡುತ್ತದೆ. ಕ್ರಾಸ್ ಸ್ಟಿಚ್‌ನಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಉದ್ದ ಹೊಲಿಗೆಗಳನ್ನು ಒತ್ತೊತ್ತಾಗಿ ಹಾಕುವ ಸ್ಯಾಟಿನ್ ಹೊಲಿಗೆಯಿಂದ ಒಂದು ಎಲೆಯನ್ನು ತುಂಬಿ ಬೆಳಕಿಗೆ ಹಿಡಿದು ನೋಡಿದರೆ, ಸುಕ್ಕು ಇರುವಲ್ಲೆಲ್ಲ ಹೊಳಪು ಮುರಿದಿರುತ್ತದೆ. ಒದ್ದೆ ಬಟ್ಟೆಯಿಂದ ಸವರಿದರೆ ಸುಕ್ಕು ಹೋಗುವುದು ನಿಜ, ಆದರೆ ಪ್ರತಿ ಸೂಜಿಗೂ ಹಾಗೆ ಸವರುತ್ತ ಕೂರುವುದು ಆಗದ ಮಾತು. ಇನ್ನು ಬಾಬಿನ್‌ಗಳಿಗೆಂದು ಕೊಂಡ ಖಾನೆಗಳ ಡಬ್ಬಿಯಂತೂ ಬಾಬಿನ್‌ಗಳಿಗಿಂತ ಮೂರು ನಾಲ್ಕು ಪಟ್ಟು ದುಬಾರಿಯಾಗಿತ್ತು.

ಮುಂದೆ ಹಳೆಯ ಪೆಟ್ಟಿಗೆಗಳ ರಟ್ಟನ್ನು ಕತ್ತರಿಸಿ ಬಾಬಿನ್ ಮಾಡಿದೆ. ಖರ್ಚೇನೋ ಇಲ್ಲವಾಯಿತು, ಆದರೆ ಒಂದು ವರ್ಷ ಕಳೆಯುವಷ್ಟರಲ್ಲಿ ಬಿಳಿ ಮತ್ತು ಕೆನೆ ಬಣ್ಣದ ದಾರಗಳಲ್ಲಿ ರಟ್ಟಿಗೆ ತಾಗಿದ ಒಳಸುತ್ತು ಹಳದಿಗೆ ತಿರುಗಿತು. ಅಗ್ಗದ ರಟ್ಟಿನಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ, ಅದು ಕಾಲಕ್ರಮದಲ್ಲಿ ಆಮ್ಲ ಬಿಡುತ್ತದೆ. ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳಿಗೆ ಸುತ್ತುವ ವಿಧಾನವನ್ನು ಇದೇ ಕಾರಣಕ್ಕೆ ನಾನು ಮುಟ್ಟಲಿಲ್ಲ. ಫೋಟೋ ಆಲ್ಬಮ್ಮಿನ ಜೇಬುಗಳಲ್ಲಿ ಒಂದೊಂದು ಲಡಿ ಇಟ್ಟದ್ದು ನೋಡಲು ಬಹಳ ಚೆನ್ನಾಗಿತ್ತು, ಆದರೆ ಆ ಜೇಬುಗಳು ಪಿವಿಸಿಯವು. ಅದನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ಪದಾರ್ಥ ಬೇಸಿಗೆಯಲ್ಲಿ ಹೊರಬಂದು ದಾರ ಅಂಟಂಟಾಯಿತು. ರಬ್ಬರ್ ಬ್ಯಾಂಡ್ ಹಾಕಿದ ಲಡಿಗಳ ಗತಿ ಇದಕ್ಕಿಂತ ಕೆಟ್ಟದು: ರಬ್ಬರ್ ಮೊದಲು ಕರಗಿ, ಆಮೇಲೆ ಗಟ್ಟಿಯಾಗಿ, ದಾರದ ಎಳೆಗಳೊಳಗೇ ಸೇರಿಕೊಂಡಿತು. ಅವನ್ನು ಎಸೆಯಲೇಬೇಕಾಯಿತು. ಜಿಪ್ ಕವರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಗೆ ಅರ್ಧ ಬಳಸಿದ ದಾರ ಒಂದಕ್ಕೊಂದು ಸುತ್ತಿಕೊಳ್ಳುವುದನ್ನು ಯಾವ ಕವರೂ ತಡೆಯುವುದಿಲ್ಲ.

ಇಷ್ಟರ ನಂತರ ಡಬ್ಬಿಯ ಯೋಚನೆ ಬಿಟ್ಟು ಅಳತೆಯ ಲೆಕ್ಕ ಹಾಕಿದೆ. ಲಡಿಯ ಉದ್ದ 8 ಮೀಟರು. ನಾವು ಯಾರೂ ಸೂಜಿಯಲ್ಲಿ ಅರ್ಧ ಮೀಟರಿಗಿಂತ ಉದ್ದದ ದಾರ ಇಟ್ಟು ಹೊಲಿಯುವುದಿಲ್ಲ, ಏಕೆಂದರೆ ಬಟ್ಟೆಯೊಳಗೆ ಹಾದು ಹಾದು ದಾರದ ನವಿರು ಏಳುತ್ತದೆ. ಅಂದರೆ ಆ ದಾರವನ್ನು ಇಂದಲ್ಲ ನಾಳೆ ಕತ್ತರಿಸಲೇಬೇಕು. ಮೊದಲೇ ಕತ್ತರಿಸಿದರೆ ಪೋಲಾಗುವುದು ಎಲ್ಲಿಂದ? ಒಂದು ಮೀಟರಿನ ಎಂಟು ತುಂಡು ಮಾಡಿ, ಪ್ರತಿ ತುಂಡನ್ನೂ ನಡುವೆ ಮಡಿಚಿಟ್ಟರೆ ಅರ್ಧ ಮೀಟರಿನ ಅಳತೆ ತಾನಾಗಿ ಸಿಗುತ್ತದೆ. ಎರಡೆಳೆಯ ಹೊಲಿಗೆಗೆ ಒಂದೇ ಎಳೆಯನ್ನು ಬಿಡಿಸಿ, ಮಡಿಚಿದ ತುದಿ ಹಿಂದೆ ಉಳಿಯುವಂತೆ ಸೂಜಿಗೆ ಪೋಣಿಸಿ, ಮೊದಲ ಹೊಲಿಗೆಯಲ್ಲಿ ಸೂಜಿಯನ್ನು ಆ ಮಡಿಕೆಯ ಕುಣಿಕೆಯೊಳಗಿಂದ ತಂದು ಆರಂಭಿಸಿದರೆ, ಶುರುವಿನಲ್ಲಿ ಬಾಲ ಬಿಡುವ ನಾಲ್ಕೈದು ಸೆಂಟಿಮೀಟರು ಉಳಿಯುತ್ತದೆ. ಮಡಿಕೆಯ ಸುಕ್ಕು ಇಡೀ ಎಳೆಯಲ್ಲಿ ಒಂದೇ ಕಡೆ ಇರುತ್ತದೆ, ಮತ್ತು ಅದು ಕುಣಿಕೆಯಾಗಿ ಬಟ್ಟೆಯ ಹಿಂಬದಿಗೆ ಹೋಗುತ್ತದೆ. ಈ ಒಂದು ಅಂಶವನ್ನು ತೋರಿಸಿದ ಮೇಲೆಯೇ ಮೊದಲ ಆಕ್ಷೇಪ ನಿಂತಿತು.

ಕತ್ತರಿಸಲು ನಾನು ಬಳಸುವುದು ಸರಿಯಾಗಿ ಅರ್ಧ ಮೀಟರು ಉದ್ದದ ಒಂದು ಹಲಗೆ. ಲಡಿಯ ಕಾಗದದ ಪಟ್ಟಿಗಳನ್ನು ತೆಗೆದು ದಾರವನ್ನು ಅದರ ಉದ್ದಕ್ಕೆ ಎಳೆಯದೆ ಸುತ್ತಿದರೆ ಸುಮಾರು ಎಂಟು ಸುತ್ತು ಬರುತ್ತದೆ. ಒಂದು ತುದಿಯಲ್ಲಿ ಒಮ್ಮೆ ಕತ್ತರಿ ಹಾಕಿದರೆ ಕೆಲಸ ಮುಗಿಯಿತು. ಇನ್ನೊಂದು ತುದಿಯ ಮಡಿಕೆಯನ್ನು ಕ್ರೋಶೆ ಕಡ್ಡಿಯಿಂದ, ಮುಂದೆ ಹೇಳುವ ಪ್ಲಾಸ್ಟಿಕ್ ಪಟ್ಟಿಯ ತೂತಿನೊಳಗೆ ಎಳೆದು, ಬಾಲಗಳನ್ನೆಲ್ಲ ಆ ಕುಣಿಕೆಯೊಳಗಿಂದ ತಂದು ಮೆಲ್ಲಗೆ ಜಗ್ಗಬೇಕು. ಒಟ್ಟು ಎರಡು ಮೂರು ನಿಮಿಷದ ಕೆಲಸ.

ಪಟ್ಟಿಗಳನ್ನು ಮಾಡಿದ್ದು ಬಳಸಿ ಬಿಟ್ಟ ಪ್ಲಾಸ್ಟಿಕ್ ಫೈಲುಗಳ ಹೊದಿಕೆಯಿಂದ. ಅದು ಪಾಲಿಪ್ರೊಪಿಲೀನ್ ಆಗಿರಬೇಕು, ಆ ಪ್ಲಾಸ್ಟಿಕ್ಕಿನಿಂದ ದಾರಕ್ಕೆ ಏನೂ ಆಗುವುದಿಲ್ಲ. ಸುಮಾರು ಮೂವತ್ತು ಸೆಂಟಿಮೀಟರು ಉದ್ದ, ಐದಾರು ಸೆಂಟಿಮೀಟರು ಅಗಲದ ಪಟ್ಟಿ, ಕೆಳ ಅಂಚಿನಲ್ಲಿ ಕಾಗದದ ಪಂಚಿಂಗ್ ಮೆಷಿನ್‌ನಿಂದ ಹತ್ತು ತೂತು. ಮೆಷಿನ್ ಬಿಟ್ಟ ತೂತಿನ ಅಂಚು ಒರಟಾಗಿರುತ್ತದೆ, ದಾರದ ನವಿರನ್ನು ಹಿಡಿದು ಎಳೆಯುತ್ತದೆ. ಅದನ್ನು ನಯ ಮಾಡಲು ನಾನು ಕಂಡುಕೊಂಡ ಉಪಾಯವೊಂದಿದೆ, ಅದು ಸದ್ಯಕ್ಕೆ ನನ್ನಲ್ಲಿಯೇ ಇರಲಿ. ಕಂಪನಿ ಪ್ರತಿ ಬಣ್ಣಕ್ಕೂ ಕೊಟ್ಟಿರುವ ಸಂಖ್ಯೆಯನ್ನು ಪೆನ್ನಿನಿಂದ ಬರೆದಾಗ ಶಾಯಿ ದಾರಕ್ಕೆ ಹತ್ತಿತು, ಟೇಪು ಅಂಟಿಸಿದರೆ ಸೆಕೆಗೆ ಅದರ ಅಂಟು ಜಾರಿತು. ಈಗ ಮೊಂಡಾದ ದಪ್ಪ ಸೂಜಿಯಿಂದ ಸಂಖ್ಯೆಯನ್ನು ಪ್ಲಾಸ್ಟಿಕ್ಕಿನ ಮೇಲೆಯೇ ಗೀರುತ್ತೇನೆ. ಓರೆಯಾಗಿ ಹಿಡಿದರೆ ಅಂಕಿ ಸ್ಪಷ್ಟವಾಗಿ ಕಾಣುತ್ತದೆ, ಅಳಿಸಿಹೋಗುವ ಭಯವಿಲ್ಲ.

ಪಟ್ಟಿಯ ಮೇಲಂಚಿಗೆ ಎರಡು ತೂತು ಮಾಡಿ, ಗಟ್ಟಿ ದಾರ ಕಟ್ಟಿ, ಬಟ್ಟೆ ಹಾಕುವ ಹ್ಯಾಂಗರಿನ ಅಡ್ಡಕಡ್ಡಿಗೆ ತೂಗುಬಿಟ್ಟಿದ್ದೇನೆ. ಒಂದು ಹ್ಯಾಂಗರಿಗೆ ನಾಲ್ಕೈದು ಪಟ್ಟಿಗಳು ಒಂದರ ಹಿಂದೊಂದು ನಿಲ್ಲುತ್ತವೆ, ಪುಸ್ತಕದ ಹಾಳೆಗಳನ್ನು ಮಗುಚುವಂತೆ ಅವನ್ನು ಮಗುಚಬಹುದು. ಹಳೆಯ ದಿಂಬಿನ ಚೀಲದ ಮುಚ್ಚಿದ ಬದಿಯಲ್ಲಿ ಸಣ್ಣ ತೂತು ಮಾಡಿ, ಕೊಕ್ಕೆ ಹೊರಬರುವಂತೆ ಮೇಲಿನಿಂದ ತೊಡಿಸಿದ ಮೇಲೆ ಧೂಳಿನ ಪ್ರಶ್ನೆಯೂ ಮುಗಿಯಿತು. ಸಿಕ್ಕಾಗದಂತೆ ಪ್ರತಿ ಬಣ್ಣದ ಬಾಲಗಳನ್ನು ಸಡಿಲವಾಗಿ ಜಡೆ ಹೆಣೆದಿದ್ದೇನೆ. ಮೇಲಿನ ಕುಣಿಕೆಯಲ್ಲಿ ಒಂದು ತುಂಡನ್ನು ಹಿಡಿದು ಎಳೆದರೆ ಉಳಿದವು ಕದಲದೆ ಅದೊಂದೇ ಜಾರಿ ಬರುತ್ತದೆ. ಬಿಗಿಯಾಗಿ ಹೆಣೆದರೆ ಬರುವುದಿಲ್ಲ, ತೀರಾ ಸಡಿಲವಾದರೆ ಜಡೆಯೇ ನಿಲ್ಲುವುದಿಲ್ಲ. ಆ ಹದ ಹತ್ತಿಪ್ಪತ್ತು ಬಣ್ಣ ಹೆಣೆಯುವಷ್ಟರಲ್ಲಿ ಕೈಗೆ ಬರುತ್ತದೆ. ಒಂದು ತುಂಡಿನಿಂದ ಎರಡು ಎಳೆ ಬಳಸಿ ನಾಲ್ಕು ಉಳಿದಾಗ ಅವನ್ನು ಏನು ಮಾಡುವುದೆಂದು ಹಲವರು ಕೇಳಿದ್ದಾರೆ. ಪ್ರತಿ ತೂತಿನ ನೇರಕ್ಕೆ ಒಂದು ಬೆರಳಿನಷ್ಟು ಮೇಲೆ ಇನ್ನೊಂದು ಚಿಕ್ಕ ತೂತು ಮಾಡಿದ್ದೇನೆ, ಉಳಿದ ಎಳೆಗಳು ಅಲ್ಲಿಗೆ ಹೋಗುತ್ತವೆ. ಹೊಲಿಯಲು ಕುಳಿತಾಗ ಮೊದಲು ನೋಡುವುದು ಆ ಮೇಲಿನ ಸಾಲನ್ನೇ.

ಹಣ ನಿಜವಾಗಿ ಉಳಿದದ್ದು ಡಬ್ಬಿ ಕೊಳ್ಳದೆ ಇದ್ದುದರಿಂದ ಮಾತ್ರವಲ್ಲ. ಬಾಬಿನ್‌ಗೆ ಸುತ್ತಿದ ದಾರ ಎಷ್ಟು ಉಳಿದಿದೆ ಎಂದು ಕಣ್ಣಿನಿಂದ ಹೇಳಲಾಗುವುದಿಲ್ಲ. ಅನುಮಾನದಿಂದ ಇನ್ನೊಂದು ಲಡಿ ತರುತ್ತಿದ್ದೆ, ಹೊಸ ವಿನ್ಯಾಸಕ್ಕೆ ಬೇಕಾದ ಬಣ್ಣಗಳಲ್ಲಿ ಕಾಲು ಭಾಗ ಮನೆಯಲ್ಲಿ ಇದ್ದವೇ ಆಗಿರುತ್ತಿದ್ದವು. ಈಗ ತೂತಿನಲ್ಲಿ ಮೂರು ತುಂಡು ಇದ್ದರೆ ಮೂರು ಮೀಟರು ಇದೆ ಎಂದೇ ಅರ್ಥ. ಈ ಇಡೀ ಏರ್ಪಾಡಿಗೆ ಕೊಂಡ ವಸ್ತು ಪಂಚಿಂಗ್ ಮೆಷಿನ್ ಒಂದೇ, ಅದರ ಬೆಲೆ ಹೆಚ್ಚೆಂದರೆ ಹತ್ತು ಹನ್ನೆರಡು ಲಡಿಗಳಷ್ಟಾಗಬಹುದು.

ಬಣ್ಣಗಳನ್ನು ಛಾಯೆಯ ಪ್ರಕಾರ ಜೋಡಿಸುವುದೋ ಸಂಖ್ಯೆಯ ಪ್ರಕಾರವೋ ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಸಂಖ್ಯೆಯೇ ಸರಿ. ಡಿಎಂಸಿ ಕಂಪನಿಯ ದಾರದಲ್ಲಿ 309 ಗಾಢ ಗುಲಾಬಿ, 310 ಕಪ್ಪು, 311 ಕಡು ನೀಲಿ. ನೋಟಕ್ಕೆ ಇದು ಚೆನ್ನಾಗಿರುವುದಿಲ್ಲ, ಆದರೆ ವಿನ್ಯಾಸದ ಜೊತೆ ಕೊಟ್ಟ ಬಣ್ಣದ ಸಂಖ್ಯೆಗಳನ್ನು ಹಿಡಿದು ಹುಡುಕುವಾಗ ಕೈ ನೇರವಾಗಿ ಅಲ್ಲಿಗೇ ಹೋಗುತ್ತದೆ. 2017ರಲ್ಲಿ 1ರಿಂದ 35ರವರೆಗಿನ ಹೊಸ ಸಂಖ್ಯೆಗಳು ಸೇರಿ ಡಿಎಂಸಿಯ ಬಣ್ಣಗಳು 500 ಆದವು. ಪೂರ್ತಿ ಸಂಗ್ರಹ ಇರುವವರಿಗೂ ಐವತ್ತು ಪಟ್ಟಿ ಸಾಕು. ಎರಡು ಕಂಪನಿಗಳ ದಾರ ಇರುವವರು ಮಾತ್ರ ಅವನ್ನು ಒಂದೇ ಪಟ್ಟಿಯಲ್ಲಿ ಬೆರೆಸಬಾರದು, ಏಕೆಂದರೆ ಡಿಎಂಸಿಯ 310 ಕಪ್ಪಾದರೆ ಆ್ಯಂಕರ್‌ನ 310 ಕಂದು, ಆ್ಯಂಕರ್‌ನಲ್ಲಿ ಕಪ್ಪಿನ ಸಂಖ್ಯೆ 403. ಆ್ಯಂಕರ್ ಪಟ್ಟಿಗಳ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿ ಗುರುತು ಮಾಡಿಕೊಂಡಿದ್ದೇನೆ.

ಬೆಳಕಿಗೆ ಬಣ್ಣ ಎಷ್ಟು ಮಾಸುತ್ತದೆ ಎಂದು ತಿಳಿಯಲು ಒಂದು ಪಟ್ಟಿಯ ದಾರಗಳನ್ನು ಅರ್ಧದವರೆಗೆ ಕಪ್ಪು ಕಾಗದದಲ್ಲಿ ಸುತ್ತಿ, ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ತಿಂಗಳು ಬಿಟ್ಟೆ. ಕಾಗದ ಬಿಚ್ಚಿದಾಗ ತಿಳಿ ನೇರಳೆಯಲ್ಲಿ ಮತ್ತು ಒಂದೆರಡು ಗುಲಾಬಿಗಳಲ್ಲಿ ಗೆರೆ ಎಳೆದಂತೆ ವ್ಯತ್ಯಾಸ ಕಂಡಿತು, ಕಂದುಗಳಲ್ಲಿ ಏನೂ ಕಾಣಲಿಲ್ಲ. ದಿಂಬಿನ ಚೀಲ ದಪ್ಪ ಬಟ್ಟೆಯದಾಗಿರಲಿ ಎಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ. ಕಪಾಟಿನಲ್ಲಿ ನುಸಿಗುಳಿಗೆ ಇಡುವುದಿಲ್ಲ. ಬಟ್ಟೆ ತಿನ್ನುವ ನುಸಿಯ ಮರಿಹುಳುವಿಗೆ ಬೇಕಾದದ್ದು ಉಣ್ಣೆ ಮತ್ತು ರೇಷ್ಮೆ, ಶುದ್ಧ ಹತ್ತಿಯ ದಾರವನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಎಲ್ಲ ದಾರಕ್ಕೂ ಈ ವಿಧಾನ ಹೊಂದುವುದಿಲ್ಲ. ಒಂದೇ ಎಳೆಯಲ್ಲಿ ಬಣ್ಣ ಬದಲಾಗುತ್ತ ಹೋಗುವ ದಾರವನ್ನು ನಡುವೆ ಮಡಿಚಿ ಎರಡೆಳೆ ಮಾಡಿದರೆ ಬಣ್ಣದ ಅನುಕ್ರಮ ಕೆಡುತ್ತದೆ, ಅದನ್ನು ಲಡಿಯಾಗಿಯೇ ಇಡಬೇಕು. ಜರಿಯಂಥ ಲೋಹದ ಹೊಳಪಿನ ದಾರದ ತುದಿಗಳು ಕತ್ತರಿಸಿದ ಕೂಡಲೇ ಬಿಚ್ಚಿಕೊಳ್ಳುತ್ತವೆ, ಅದು ರೀಲಿನಲ್ಲಿಯೇ ಇರಲಿ. ದೊಡ್ಡ ಹಿನ್ನೆಲೆಗೆಂದು ಒಂದೇ ಬಣ್ಣದ ಹಲವು ಲಡಿ ತಂದಾಗ, ಒಂದನ್ನು ಮಾತ್ರ ಕತ್ತರಿಸಿ ಉಳಿದವನ್ನು ಕಾಗದದ ಪಟ್ಟಿ ಸಮೇತ ಹಾಗೆಯೇ ಇಡುತ್ತೇನೆ. ಎಳೆ ಬಿಡಿಸದೆ ಬಳಸುವ ಪರ್ಲ್ ಕಾಟನ್ ದಾರದ 5ನೇ ಸಂಖ್ಯೆಯ (ಇಲ್ಲಿ ಸಂಖ್ಯೆ ಬಣ್ಣದ್ದಲ್ಲ, ದಪ್ಪದ್ದು) ಲಡಿ 25 ಮೀಟರು ಇರುವುದರಿಂದ ಒಂದು ತೂತಿನಲ್ಲಿ ಹಿಡಿಸುವುದಿಲ್ಲ, ಎರಡು ತೂತುಗಳಿಗೆ ಹಂಚಿದ್ದೇನೆ. ಅದೇ ದಾರದ 8ನೇ ಸಂಖ್ಯೆಯ ಉಂಡೆಗಳಿಗೆ ಇನ್ನೂ ತೃಪ್ತಿಕರವಾದ ಜಾಗ ಸಿಕ್ಕಿಲ್ಲ. ಅದೇ ಹ್ಯಾಂಗರಿನ ಕೆಳಗೆ ಅವನ್ನು ಹಗ್ಗಕ್ಕೆ ಪೋಣಿಸಿ ನೋಡುವ ಪ್ರಯೋಗ ಈಗ ನಡೆದಿದೆ.