ಅಪ್‌ಡೇಟ್ ಅರ್ಧಕ್ಕೇ ನಿಂತರೆ ಫಾರ್ಮ್ಯಾಟ್ ಮಾಡಿಸಬೇಡಿ

ವಿಂಡೋಸ್ ಅಪ್‌ಡೇಟ್ ಶೇಕಡಾ 30ರವರೆಗೆ ಹೋಗಿ ಹಿಂದೆ ಬಂತು ಎಂದರೆ ಕಾಸರಗೋಡಿನ ಕುಂಬಳೆಯಿರಲಿ, ಬದಿಯಡ್ಕವಿರಲಿ, ಸಿಗುವ ಮದ್ದು ಒಂದೇ: ಫಾರ್ಮ್ಯಾಟ್. ಅದಾದ ಮೇಲೆ ನುಡಿ ತಂತ್ರಾಂಶ ಇಲ್ಲ, ಹಳೆಯ ಆಮಂತ್ರಣ ಪತ್ರಿಕೆಗಳ ಫಾಂಟ್ ಇಲ್ಲ, ಮಲಯಾಳ ಕೀಲಿಮಣೆ ಇಲ್ಲ, ಪ್ರಿಂಟರ್ ಡ್ರೈವರೂ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ, ಹಾಟ್‌ಸ್ಪಾಟ್ ಕಡಿದು, ಡೌನ್‌ಲೋಡ್ ಅರ್ಧದಲ್ಲಿ ತುಂಡಾಗಿದ್ದಷ್ಟೇ ಕಾರಣವಾಗಿದ್ದರೆ ಕೆಟ್ಟ ಫೈಲ್‌ಗಳನ್ನು ಬದಿಗೆ ಸರಿಸಿದರೆ ಸಾಕು.

ಮೊದಲು ಗಡಿಯಾರ ನೋಡಿ. ಕರೆಂಟು ಹೋದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್ 2032 ಬ್ಯಾಟರಿ ಸತ್ತಿದೆ. ತಾರೀಕು ತಪ್ಪಾದರೆ ಸರ್ವರ್ ಜೊತೆ ಸುರಕ್ಷಿತ ಸಂಪರ್ಕವೇ ಆಗುವುದಿಲ್ಲ. ವೈಫೈ ಸೆಟ್ಟಿಂಗ್‌ನಲ್ಲಿ ಡೇಟಾ ಉಳಿಸುವ 'ಮೀಟರ್ಡ್ ಕನೆಕ್ಷನ್' ಆನ್ ಇದ್ದರೆ ಆಫ್ ಮಾಡಿ. ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಪ್‌ಡೇಟ್ ಬರುವುದೇ ನಿಂತಿದ್ದರೆ ಇದೂ ಕಾರಣವಿರಬಹುದು.

80070070 ಎಂಬ ಕೋಡ್ ಬಂದರೆ ಸಿ ಡ್ರೈವ್‌ನಲ್ಲಿ ಜಾಗವಿಲ್ಲ ಎಂದರ್ಥ. 20 ಜಿಬಿಯಾದರೂ ಖಾಲಿ ಇಡಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್‌ಗೆ ಹೋಗಿ 'ಟೆಂಪರರಿ ಫೈಲ್ಸ್' ಅಳಿಸುವಾಗ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಅದಕ್ಕೆ ಟಿಕ್ ಹಾಕಲೇಬೇಡಿ. ಕೇರಳದ ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದ ಕಂಪ್ಯೂಟರ್ ಆದರೆ ಜನರ ಸರ್ಟಿಫಿಕೇಟುಗಳೆಲ್ಲ ಅದರ ಜೊತೆಗೇ ಹೋಗುತ್ತವೆ.

ಇನ್ನು ಎಲ್ಲರೂ ಎಡವುವ ಜಾಗ. ಡೌನ್‌ಲೋಡ್ ಆದದ್ದೆಲ್ಲ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ 'ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಶನ್' ಎಂಬ ಫೋಲ್ಡರಿನಲ್ಲಿ ಕೂತಿರುತ್ತದೆ. ಇದನ್ನು ಅಳಿಸಬೇಡಿ, ಹೆಸರು ಬದಲಿಸಿ. ಆದರೆ ತೆರೆಮರೆಯಲ್ಲಿ ಅಪ್‌ಡೇಟ್ ನೋಡಿಕೊಳ್ಳುವ ಸರ್ವಿಸ್ ಓಡುತ್ತಿರುವಾಗ ಹೆಸರು ಬದಲಿಸಲು ಹೋದರೆ 'ಫೋಲ್ಡರ್ ಇನ್ ಯೂಸ್' ಎಂದು ತಡೆಯುತ್ತದೆ. ಆದ್ದರಿಂದ ಸೆಟ್ಟಿಂಗ್ಸ್ ಕಿಟಕಿ ಮುಚ್ಚಿ, ನೆಟ್ ಕೇಬಲ್ ಕಳಚಿ ಅಥವಾ ವೈಫೈ ಆಫ್ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ 'ಸರ್ವಿಸಸ್' ಹುಡುಕಿ, ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. 'ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್', 'ವಿಂಡೋಸ್ ಅಪ್‌ಡೇಟ್' ಎರಡಕ್ಕೂ ಸ್ಟಾಪ್ ಕೊಡಿ. ಸ್ಟೇಟಸ್ ಕಾಲಂನಲ್ಲಿ 'ರನ್ನಿಂಗ್' ಎಂಬುದು ಹೋಗಿ ಖಾಲಿಯಾಗಬೇಕು. ವಿಂಡೋಸ್ ಅಪ್‌ಡೇಟ್ ನಿಂತ ಅರೆನಿಮಿಷದಲ್ಲೇ ತಾನಾಗಿ ಮತ್ತೆ ಏಳುವುದುಂಟು. ಆಗ ಅದರ 'ಸ್ಟಾರ್ಟಪ್ ಟೈಪ್' ಅನ್ನು 'ಡಿಸೇಬಲ್ಡ್' ಮಾಡಿ ಇನ್ನೊಮ್ಮೆ ನಿಲ್ಲಿಸಿ. ಈಗ ಫೋಲ್ಡರಿನ ಹೆಸರಿನ ಕೊನೆಗೆ ಒಂದು ಚುಕ್ಕಿ ಹಾಕಿ 'ಓಲ್ಡ್' ಸೇರಿಸಿ. ಸ್ಟಾರ್ಟಪ್ ಟೈಪ್ ಬದಲಿಸಿದ್ದರೆ ಮರೆಯದೆ 'ಮ್ಯಾನುವಲ್'ಗೆ ತನ್ನಿ. ಇಷ್ಟು ಬಿಟ್ಟುಹೋದರೆ ಇನ್ನು ಯಾವ ಅಪ್‌ಡೇಟೂ ಆಗುವುದಿಲ್ಲ. ನೆಟ್ ಜೋಡಿಸಿ ರೀಸ್ಟಾರ್ಟ್ ಮಾಡಿ. ಹೊಸ ಫೋಲ್ಡರನ್ನು ವಿಂಡೋಸೇ ಮಾಡಿಕೊಳ್ಳುತ್ತದೆ. 'ಅಪ್‌ಡೇಟ್ ಹಿಸ್ಟರಿ' ಖಾಲಿ ಕಂಡರೆ ಗಾಬರಿ ಬೇಡ, ಹಿಂದೆ ಹಾಕಿದ ಅಪ್‌ಡೇಟ್‌ಗಳು ಹಾಗೇ ಇವೆ.

ಇಷ್ಟಾದರೂ ಕೈಕೊಟ್ಟರೆ ಸಿಸ್ಟಮ್ ಫೈಲ್‌ಗಳೇ ಕೆಟ್ಟಿರಬಹುದು. ಕಮಾಂಡ್ ಪ್ರಾಂಪ್ಟ್ ಅನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಬರೆಯಿರಿ: ಡಿಐಎಸ್‌ಎಂ, ಸ್ಪೇಸ್, ಸ್ಲ್ಯಾಷ್ ಆನ್‌ಲೈನ್, ಸ್ಪೇಸ್, ಸ್ಲ್ಯಾಷ್ ಕ್ಲೀನಪ್-ಇಮೇಜ್, ಸ್ಪೇಸ್, ಸ್ಲ್ಯಾಷ್ ರಿಸ್ಟೋರ್‌ಹೆಲ್ತ್. ಸ್ಲ್ಯಾಷ್ ಎಂದರೆ ಪ್ರಶ್ನೆಚಿಹ್ನೆಯ ಕೀಲಿಯಲ್ಲಿರುವ ಗೀಟು, ಎಂಟರ್ ಪಕ್ಕದ್ದಲ್ಲ. ಸ್ಲ್ಯಾಷ್ ಆದ ಮೇಲೆ ಸ್ಪೇಸ್ ಬಿಡಬಾರದು. ಶೇಕಡಾ 62.3ರಲ್ಲಿ ಬಹಳ ಹೊತ್ತು ನಿಂತಂತೆ ಕಂಡರೂ ಮುಚ್ಚಬೇಡಿ. ಅದು ಮುಗಿದ ಮೇಲೆ ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಷ್ ಸ್ಕ್ಯಾನ್‌ನೌ. ಈ ಕ್ರಮ ತಿರುಗಿಸಬೇಡಿ: ಎರಡನೆಯದು ಒಳ್ಳೆಯ ಫೈಲ್ ತೆಗೆದುಕೊಳ್ಳುವ ಉಗ್ರಾಣವನ್ನು ಸರಿಮಾಡುವುದೇ ಮೊದಲನೆಯದು.

'ಒಂದೇ ಕ್ಲಿಕ್‌ನಲ್ಲಿ ರಿಪೇರಿ' ಎನ್ನುವ ಡ್ರೈವರ್ ಅಪ್‌ಡೇಟರ್, ರಿಜಿಸ್ಟ್ರಿ ಕ್ಲೀನರ್‌ಗಳನ್ನು ಹತ್ತಿರಕ್ಕೂ ಸೇರಿಸಬೇಡಿ. ಅಪ್‌ಡೇಟ್ ಭಾಗವನ್ನೇ ಕಿತ್ತುಹಾಕಿದ ಕ್ರ್ಯಾಕ್ ವಿಂಡೋಸ್ ಹಾಕಿಸಿಕೊಂಡಿದ್ದರೆ ಮೇಲಿನ ಯಾವುದೂ ನಾಟುವುದಿಲ್ಲ.

ಗುಡುಗು ಇರುವ ಸಂಜೆ ರೀಸ್ಟಾರ್ಟ್ ಕೊಡಬೇಡಿ. 'ಅನ್‌ಡೂಯಿಂಗ್ ಚೇಂಜಸ್' ಎಂದು ಬಂದಾಗ ಪವರ್ ಬಟನ್ ಒತ್ತಬೇಡಿ.

ಕೊನೆಯ ದಾರಿ ವಿಂಡೋಸ್ 11ರಲ್ಲೇ ಇದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ 'ರೀಇನ್‌ಸ್ಟಾಲ್ ನೌ' ಒತ್ತಿದರೆ ಫೈಲ್, ತಂತ್ರಾಂಶ, ಸೆಟ್ಟಿಂಗ್ ಉಳಿಸಿಕೊಂಡೇ ವಿಂಡೋಸ್ ಹೊಸದಾಗಿ ಕೂರುತ್ತದೆ. ಅಲ್ಲೇ ಇರುವ 'ರೀಸೆಟ್' ಬೇರೆ, ಅದು ತಂತ್ರಾಂಶಗಳನ್ನು ಕಿತ್ತುಹಾಕುತ್ತದೆ. ಅಪ್‌ಡೇಟ್ ಸರಿಯಾಗಿ ಕೂತ ಮೇಲೆ 'ಓಲ್ಡ್' ಫೋಲ್ಡರ್ ಅಳಿಸಿಬಿಡಿ, ಕೆಲವು ಜಿಬಿ ಜಾಗ ಸಿಗಬಹುದು.