ಸಪ್ತಾಪುರದ ರೀಡಿಂಗ್ ರೂಮಿಗೆ ವೈಫೈ ಹಾಕಿದ್ದು

ಧಾರವಾಡದ ಸಪ್ತಾಪುರದಲ್ಲಿ ನಾನು ರೀಡಿಂಗ್ ರೂಮ್ ನಡೆಸುತ್ತೇನೆ. ಬರುವವರೆಲ್ಲ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುವ ಹುಡುಗ ಹುಡುಗಿಯರು. ಹಾವೇರಿ, ಗದಗ ಕಡೆಯ ಹಳ್ಳಿಯವರೇ ಜಾಸ್ತಿ. ದಿನದ ಡೇಟಾ ಮುಗಿದರೆ "ಲೇ, ಸ್ವಲ್ಪ ಹಾಟ್‌ಸ್ಪಾಟ್ ಆನ್ ಮಾಡೋ" ಅಂತ ಪಕ್ಕದವನನ್ನು ಕೇಳುತ್ತಿದ್ದರು. ಆಮೇಲೆ ಅವನ ಡೇಟಾನೂ ಖಾಲಿ, ಬ್ಯಾಟರಿನೂ ಖಾಲಿ. ಅದಕ್ಕೇ ಫೈಬರ್ ಹಾಕಿಸಿದೆ.

ಆದರೂ ಸಂಜೆಯಾದರೆ "ಅಣ್ಣಾ, ನೆಟ್ ಬರವಲ್ದು" ಅನ್ನುವುದು ನಿಲ್ಲಲಿಲ್ಲ. ಕೇಬಲ್ ಹಚ್ಚಿ ಲ್ಯಾಪ್‌ಟಾಪಿನಲ್ಲಿ ನೋಡಿದೆ, ವೇಗ ಪೂರ್ತಿ ಬರುತ್ತಿತ್ತು. ಅಂದರೆ ತೊಂದರೆ ಲೈನಿನಲ್ಲಿರಲಿಲ್ಲ, ಗಾಳಿಯಲ್ಲಿತ್ತು. ವೈಫೈಯ ಒಂದು ಚಾನೆಲ್‌ನಲ್ಲಿ, ಅಂದರೆ ಸಿಗ್ನಲ್ ಓಡಾಡುವ ಒಂದು ದಾರಿಯಲ್ಲಿ, ಎಲ್ಲ ಫೋನುಗಳೂ ಸರದಿ ಮೇಲೆ ಮಾತಾಡಬೇಕು. ಮೂಲೆಯಲ್ಲಿ ಕೂತವನಿಗೆ ಸಿಗ್ನಲ್ ಕಮ್ಮಿ. ಅವನ ಫೋನು ಅದೇ ಫೈಲಿಗೆ ಜಾಸ್ತಿ ಹೊತ್ತು ಹಿಡಿಯುತ್ತದೆ, ಉಳಿದವರ ಸರದಿ ತಡವಾಗುತ್ತದೆ. ಎಷ್ಟು ಎಂಬಿಪಿಎಸ್ ಪ್ಲಾನು ಅಂತ ಎಲ್ಲರೂ ಕೇಳುತ್ತಾರೆ. ತುಂಬಿದ ರೂಮಿನಲ್ಲಿ ಅದಕ್ಕಿಂತ ಈ ಸರದಿಯೇ ಮುಖ್ಯ.

ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ನೋಡಿದೆ. ವೈಫೈ ಮುಖ್ಯವಾಗಿ ಎರಡು ಬ್ಯಾಂಡಿನಲ್ಲಿ ಓಡುತ್ತದೆ, 2.4 ಮತ್ತು 5 ಗಿಗಾಹರ್ಟ್ಸ್. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಸುತ್ತಲಿನ ಪಿಜಿಗಳು ಅವನ್ನು ತುಂಬಿಬಿಟ್ಟಿದ್ದವು. ಒಳಗೆ ನಮ್ಮ ಹುಡುಗರು ಆನ್ ಇಟ್ಟುಕೊಂಡ ಹಾಟ್‌ಸ್ಪಾಟ್‌ಗಳು ಬೇರೆ. ಪ್ರತಿಯೊಂದೂ ಒಂದು ಚಿಕ್ಕ ರೌಟರೇ ಅಲ್ವಾ? ಮೊದಲು ಅವನ್ನು ಆಫ್ ಮಾಡಿಸಿದೆ. ಫೋನುಗಳನ್ನು 5 ಗಿಗಾಹರ್ಟ್ಸ್‌ಗೆ ದಾಟಿಸಿದೆ. ಅಲ್ಲಿ ಚಾನೆಲ್ ಜಾಸ್ತಿ. ಗೋಡೆ ದಾಟುವಾಗ ಸಿಗ್ನಲ್ ಸೊರಗುತ್ತದೆ ನಿಜ, ಆದರೆ ನಮ್ಮಂಥ ಒಂದೇ ಹಾಲಿಗೆ ಅದು ಅನುಕೂಲವೇ, ಪಕ್ಕದವರ ಗದ್ದಲ ಒಳಗೆ ಬರುವುದಿಲ್ಲ. ರೌಟರನ್ನು ಕೌಂಟರಿನಿಂದ ತೆಗೆದು ಹಾಲಿನ ನಡುವೆ ಎತ್ತರದಲ್ಲಿ ಕೂರಿಸಿದೆ. ಹಿಂದಿನ ಕೋಣೆಗೆ ರಿಪೀಟರ್ ಬೇಡ ಅಂದೆ. ಸಾದಾ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುತ್ತದೆ, ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೇಬಲ್ ಎಳೆದು ಇನ್ನೊಂದು ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈಫೈ ಕೊಡುವ ಡಬ್ಬಿ, ಹಾಕಿದೆ.

ಒಬ್ಬೊಬ್ಬರಿಗೆ ಇಷ್ಟೇ ವೇಗ ಅಂತ ರೌಟರಿನಲ್ಲೇ ಮಿತಿ ಇಟ್ಟಿದ್ದೇನೆ. ಕ್ಲಾಸಿನ ವಿಡಿಯೋ 480ಪಿಯಲ್ಲಿ ಆರಾಮಾಗಿ ಓಡುತ್ತದೆ, ಬೋರ್ಡಿನ ಅಕ್ಷರ ಕಾಣಲು ಅಷ್ಟು ಸಾಕು. ಎಲ್ಲರಿಗೂ ಗೆಸ್ಟ್ ನೆಟ್‌ವರ್ಕ್, ಐಸೊಲೇಷನ್ ಆನ್. ಒಬ್ಬರ ಫೋನು ಇನ್ನೊಬ್ಬರಿಗೆ ಕಾಣಬಾರದು. ಹೆಣ್ಣುಮಕ್ಕಳೂ ಬರುವ ಜಾಗ, ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ.

ಅಂಗಡಿಯಲ್ಲಿ ವೈಫೈ ಮಾರಬೇಕು ಅನ್ನುವವರಿಗೆ ಪಿಎಂ-ವಾಣಿ ಅನ್ನೋ ಕೇಂದ್ರದ ಸಾರ್ವಜನಿಕ ವೈಫೈ ಯೋಜನೆ ಇದೆ. ಕೇಂದ್ರ ಸಂಪುಟ ಇದಕ್ಕೆ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅಂಗಡಿಯವರಿಗೆ ಲೈಸೆನ್ಸ್ ಬೇಡ, ನೋಂದಣಿ ಶುಲ್ಕವೂ ಇಲ್ಲ. ಲಾಗಿನ್, ಲೆಕ್ಕ ಎಲ್ಲ ಇಂಥ ಅಂಗಡಿಗಳನ್ನು ಒಟ್ಟುಗೂಡಿಸುವ ಅಗ್ರಿಗೇಟರ್ ಕಂಪನಿ ನೋಡಿಕೊಳ್ಳುತ್ತದೆ.

ಇನ್ನೊಂದು ಮಾತು. ಕರೆಂಟ್ ಹೋದರೆ ರೌಟರಿಗೆ ಮಾತ್ರ ಬ್ಯಾಕಪ್ ಕೊಟ್ಟರೆ ಸಾಲದು. ಫೈಬರ್ ಬಂದು ಸೇರುವ ಡಬ್ಬಿ ಬೇರೆಯೇ ಇದ್ದರೆ ಅದಕ್ಕೂ ಮಿನಿ ಯುಪಿಎಸ್ ಬೇಕು.